ಸೇತುವೆಯ ಮೇಲೆ ಕೇಳಿಸಿದ ಕೂಗು

ನಮ್ಮ ಬೀದಿಯ ತುದಿಯ ಮನೆಯಲ್ಲಿ ಹಿರಿಯರೊಬ್ಬರಿದ್ದಾರೆ. ನಲವತ್ತು ವರ್ಷ ಅವರು ಒಂದು ಸುಳ್ಳನ್ನು ಜೋಪಾನವಾಗಿ ಸಾಕಿಕೊಂಡು ಬಂದವರು. 1968ರ ನವೆಂಬರ್ 23ರಂದು ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ನಡುವೆ ನಡೆದ ಫುಟ್‌ಬಾಲ್ ಆಟವನ್ನು ಕೊನೆಯವರೆಗೂ ಕುಳಿತು ನೋಡಿದೆ ಎಂಬುದು ಆ ಸುಳ್ಳು. ಟಿಕೆಟ್ ಇದ್ದದ್ದು ನಿಜ, ಒಳಗೆ ಹೋಗಿದ್ದು ನಿಜ, ಕಾಂಕ್ರೀಟ್ ಮೆಟ್ಟಿಲಿನ ಮೇಲೆ ಕುಳಿತು ಸೊಂಟದಿಂದ ಕೆಳಗೆ ಮರಗಟ್ಟಿದ್ದೂ ನಿಜ. ಆದರೆ ಇನ್ನು ಕೆಲವೇ ನಿಮಿಷಗಳಿವೆ, ಹಾರ್ವರ್ಡ್ ಹದಿನಾರು ಅಂಕ ಹಿಂದಿದೆ ಎನ್ನುವಾಗ ಅವರು ಎದ್ದುಬಿಟ್ಟರು. ಎಲ್ಲರ ಜೊತೆ ಹೊರಟರೆ ರೈಲಿನಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ ಎಂಬ ಲೆಕ್ಕ.

ಬಾಸ್ಟನ್ನಿನ ಹೊರವಲಯಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನಾನೂ ಆ ಸುಳ್ಳನ್ನು ನಂಬಿದ್ದೆ. ಅಂಗಳದ ಹಿಮ ಎತ್ತುತ್ತ, ಸಲಿಕೆಗೆ ಗದ್ದ ಊರಿಕೊಂಡು, ಅವರು ಕೊನೆಯ ನಲವತ್ತೆರಡು ಸೆಕೆಂಡುಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದರು. ಅದನ್ನು ಕೇಳಿದ ಮೇಲೆಯೇ ಹಾರ್ವರ್ಡ್ ತಂಡದ ಫ್ರ್ಯಾಂಕ್ ಚಾಂಪಿ ಎಂಬ ಹೆಸರು ನನ್ನ ತಲೆಯಲ್ಲಿ ಕೂತದ್ದು. ಇಂಗ್ಲಿಷ್ ಕ್ರಿಕೆಟ್ಟು, ಬ್ರೆಜಿಲ್ಲಿನ ಕಾಲ್ಚೆಂಡು ಇಷ್ಟು ಗೊತ್ತಿದ್ದ ನನಗೆ ಅಮೆರಿಕದ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡವರ ಗುದ್ದಾಟವಷ್ಟೇ ಆಗಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಕೆಲಸ ಕಡಿಮೆ. ನೂರು ಗಜದ ಅಂಗಳ, ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಅದರ ಮೇಲೆ ಕಂಬಗಳ ನಡುವೆ ಚೆಂಡನ್ನು ಒದ್ದರೆ ಒಂದು, ಒದೆಯುವ ಬದಲು ಇನ್ನೊಮ್ಮೆ ಗೆರೆ ದಾಟಿದರೆ ಎರಡು. ಕ್ವಾರ್ಟರ್‌ಬ್ಯಾಕ್ ಎಂದರೆ ಪ್ರತಿ ಸಲವೂ ಚೆಂಡು ಮೊದಲು ಕೈಗೆ ಬರುವವನು. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟು ಹೊತ್ತಿಗೆ ಎದುರಿನ ನಾಲ್ಕಾರು ಧಾಂಡಿಗರು ಮೈಮೇಲೆ ಬಂದಿರುತ್ತಾರೆ. ಕಬಡ್ಡಿಯ ರೈಡರ್ ಎದುರಾಳಿಯ ಅಂಗಳಕ್ಕೆ ಹೋಗಿ ಸಿಕ್ಕಿಬೀಳುತ್ತಾನೆ. ಇವನು ನಿಂತ ಜಾಗದಲ್ಲೇ ಸಿಕ್ಕಿಬೀಳುತ್ತಾನೆ.

ಆ ಕ್ರೀಡಾಂಗಣದ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚೇ ಹೇಳಬೇಕು. ಚಾರ್ಲ್ಸ್ ನದಿಯ ಈಚೆ ದಡದಲ್ಲಿ ಕುದುರೆ ಲಾಳದ ಆಕಾರದಲ್ಲಿ ನಿಂತಿದೆ. 1903ರಲ್ಲಿ ಕಟ್ಟಿದ್ದು, ಕಬ್ಬಿಣದ ಸರಳು ಹಾಕಿ ಕಾಂಕ್ರೀಟಿನಲ್ಲಿ ಇಷ್ಟು ದೊಡ್ಡ ಕಟ್ಟಡ ಎಬ್ಬಿಸುವುದು ಆಗ ಇನ್ನೂ ಹೊಸ ಸಾಹಸ. ನೆತ್ತಿಯ ಮೇಲೆ ರೋಮನ್ನರ ಮಾದರಿಯ ಕಂಬಸಾಲು ಬೇರೆ. ಕ್ರೀಡಾಂಗಣ ಎದ್ದು ಎರಡು ವರ್ಷಕ್ಕೆ, 1905ರ ಋತುವಿನಲ್ಲಿ, ದೇಶದಾದ್ಯಂತ ಈ ಆಟಕ್ಕೆ ಹದಿನೆಂಟು ಹತ್ತೊಂಬತ್ತು ಹುಡುಗರು ಬಲಿಯಾದರೆಂದು ಪತ್ರಿಕೆಗಳು ಎಣಿಸಿದವು. ಆಗ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಎಲ್ಲರೂ ಒಂದೇ ಮುದ್ದೆಯಾಗಿ ನುಗ್ಗುವುದು, ಎದುರಿನವರು ಇನ್ನೊಂದು ಮುದ್ದೆಯಾಗಿ ತಡೆಯುವುದು, ನಡುವೆ ಸಿಕ್ಕವನ ಪಕ್ಕೆಲುಬು ಪುಡಿ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನಿನವರನ್ನು ಶ್ವೇತಭವನಕ್ಕೇ ಕರೆಸಿ, ಆಟವನ್ನು ಸರಿಪಡಿಸಿ ಎಂದರು.

ಒಂದು ಸಲಹೆ ಬಂತು: ಅಂಗಳವನ್ನು ನಲವತ್ತು ಅಡಿ ಅಗಲ ಮಾಡಿ, ಆಟಗಾರರು ಹರಡಿಕೊಳ್ಳಲಿ. ಸಲಹೆಯೇನೋ ಚೆನ್ನಾಗಿಯೇ ಇತ್ತು. ಆದರೆ ಹಾರ್ವರ್ಡಿನವರ ಹೊಚ್ಚಹೊಸ ಕಾಂಕ್ರೀಟು ಎರಡೂ ಬದಿಯಲ್ಲಿ ಅಂಗಳವನ್ನು ಒತ್ತಿಕೊಂಡು ನಿಂತಿತ್ತು. ಮರದ ಅಟ್ಟಣಿಗೆಯಾಗಿದ್ದರೆ ಬಿಚ್ಚಿ ಹಿಂದಕ್ಕೆ ಸರಿಸಬಹುದಿತ್ತು, ಇದನ್ನು ಯಾರು ಅಲ್ಲಾಡಿಸುತ್ತಾರೆ? ಅಗಲ ಮಾಡುವ ಮಾತು ಬಿದ್ದುಹೋಯಿತು. ಅದರ ಬದಲಿಗೆ 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಇಂದು ನಾವು ಕ್ವಾರ್ಟರ್‌ಬ್ಯಾಕ್ ಎಂದಾಗ ಕಣ್ಣಿಗೆ ಕಟ್ಟುವ ಆ ಚಿತ್ರ, ತೋಳು ಹಿಂದಕ್ಕೆ ಬಾಗಿಸಿ ದೂರಕ್ಕೆ ಗುರಿಯಿಟ್ಟು ನಿಂತವನ ಚಿತ್ರ, ಆ ಅನುಮತಿಯ ಕೂಸು. ಗೋಡೆ ಸರಿಯಲಿಲ್ಲ, ಆದ್ದರಿಂದ ಚೆಂಡು ಹಾರಿತು. ಅದೇ ಗೋಡೆಗಳ ನಡುವೆ ಅರವತ್ತೆರಡು ವರ್ಷಗಳ ನಂತರ ಫ್ರ್ಯಾಂಕ್ ಚಾಂಪಿ ಎಸೆಯಲು ನಿಂತ.

1968 ಎಂಥ ವರ್ಷವೆಂದು ನೆನಪಿಸಬೇಕಾಗಿಲ್ಲ. ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ, ಜೂನಿನಲ್ಲಿ ರಾಬರ್ಟ್ ಕೆನಡಿ ಹತ್ಯೆ, ವಿಯೆಟ್ನಾಮಿನಿಂದ ದಿನವೂ ಹೆಣಗಳ ಲೆಕ್ಕ. ಹಾರ್ವರ್ಡ್ ತಂಡದಲ್ಲಿ ಪ್ಯಾಟ್ ಕಾನ್ವೇ ಎಂಬವನಿದ್ದ. ಓದು ಬಿಟ್ಟು ಮೆರೀನ್ ಪಡೆ ಸೇರಿ, ವಿಯೆಟ್ನಾಮಿನ ಖೇ ಸಾನಿನ ಮುತ್ತಿಗೆಯನ್ನು ಕಂಡು, ಮರಳಿ ಕಾಲೇಜಿಗೆ ಬಂದಿದ್ದ. ಯುದ್ಧ ಬೇಡವೆಂದು ಬೀದಿಗಿಳಿದವರೂ ಅವನ ಪಕ್ಕದಲ್ಲೇ ಆಡುತ್ತಿದ್ದರು. ಮುಂದಿನ ಸಾಲಿನಲ್ಲಿ ಟಾಮಿ ಲೀ ಜೋನ್ಸ್ ಇದ್ದ. ಹೌದು, ಮುಂದೆ ಆಸ್ಕರ್ ಗೆದ್ದ ನಟನೇ. ಈ ಆಟದ ಮಾತೆತ್ತಿದರೆ ಜನ ಮೊದಲು ಕೇಳುವುದು ಅವನನ್ನೇ. ನನಗೆ ಅದೊಂದು ಸಣ್ಣ ಕಿರಿಕಿರಿ.

ಯೇಲ್ ತಂಡದ ಕ್ವಾರ್ಟರ್‌ಬ್ಯಾಕ್ ಬ್ರಯಾನ್ ಡೌಲಿಂಗ್. ತಂಡದ ನಾಯಕನೂ ಅವನೇ. ಚಿಕ್ಕ ತರಗತಿಯ ಹುಡುಗನಾಗಿದ್ದಾಗಿನಿಂದ ತಾನು ಶುರುಮಾಡಿ ಮುಗಿಸಿದ ಒಂದು ಆಟವನ್ನೂ ಸೋತವನಲ್ಲ ಎಂದು ಅವನ ಬಗ್ಗೆ ಹೇಳುತ್ತಿದ್ದರು. ಅವನನ್ನು ಮಾದರಿಯಾಗಿಟ್ಟುಕೊಂಡು ಆ ವರ್ಷ ವಿದ್ಯಾರ್ಥಿ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಮಾಲೆಯೊಂದು ಶುರುವಾಗಿತ್ತು. ಹೆಲ್ಮೆಟ್ ತೆಗೆಯದ ಅದರ ಪಾತ್ರ ಬಿ.ಡಿ. ಮುಂದೆ ದೇಶದ ಪತ್ರಿಕೆಗಳಿಗೂ ಹೋದ. ಡೌಲಿಂಗ್ ಜೊತೆಗೆ ಕ್ಯಾಲ್ವಿನ್ ಹಿಲ್ ಎಂಬ ಓಟಗಾರ. ಮರುವರ್ಷವೇ ಡಲ್ಲಾಸ್ ಕೌಬಾಯ್ಸ್ ತಂಡ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಹಾರ್ವರ್ಡಿನಲ್ಲಿ ಅಂಥ ಹೆಸರುಗಳಿರಲಿಲ್ಲ. ತಡೆಯುವವರ ಪಡೆ ಗಟ್ಟಿಯಿತ್ತು, ಅಷ್ಟೆ. ಆದರೂ ಎರಡು ತಂಡಗಳೂ ಎಂಟಕ್ಕೆ ಎಂಟು ಗೆದ್ದು ಬಂದಿದ್ದವು. ಇಬ್ಬರೂ ಒಂದೂ ಸೋಲಿಲ್ಲದೆ, ಒಂದೂ ಡ್ರಾ ಇಲ್ಲದೆ ಎದುರಾದದ್ದು 1909ರ ನಂತರ ಅದೇ ಮೊದಲು. ನಲವತ್ತು ಸಾವಿರ ಆಸನಗಳೂ ತುಂಬಿದ್ದವು.

ಚಾಂಪಿ ಆ ದಿನದ ಎರಡನೆಯ ಕ್ವಾರ್ಟರ್‌ಬ್ಯಾಕ್. ಮೊದಲನೆಯವನು ಜಾರ್ಜ್ ಲಾಲಿಚ್. ನಮ್ಮ ಕಡೆ ಹನ್ನೆರಡನೆಯ ಆಟಗಾರ ಎನ್ನುತ್ತೇವಲ್ಲ, ನೀರಿನ ಬಾಟಲಿ, ಒಣ ಗ್ಲೌಸು ಹಿಡಿದು ಓಡಾಡುವವನು, ಹೆಚ್ಚೂ ಕಡಿಮೆ ಆ ಸ್ಥಾನ. ಕಾಲೇಜಿನಲ್ಲಿ ಎರಡು ವರ್ಷ ನಾನು ಅದೇ ಕೆಲಸ ಮಾಡಿದವನು, ಹಾಗಾಗಿ ಈ ಜಾತಿಯವರ ಮೇಲೆ ನನಗೆ ಪಕ್ಷಪಾತವಿದೆ. ಚಾಂಪಿ ಬಾಸ್ಟನ್ನಿನ ಉತ್ತರಕ್ಕಿರುವ ಎವರೆಟ್ ಊರಿನವನು. ಎವರೆಟ್ ಎಂದರೆ ಆಗ ಕಾರ್ಖಾನೆಗಳ ಊರು; ರಾಸಾಯನಿಕ ಕಾರ್ಖಾನೆಯಿದ್ದ ನದಿದಂಡೆಯಲ್ಲಿ ಈಗ ಕಂಚಿನ ಬಣ್ಣದ ಗಾಜಿನ ಕ್ಯಾಸಿನೊ ಹೊಳೆಯುತ್ತದೆ. ಕೆಲಸಕ್ಕೆ ಹೋಗುವಾಗ ಅದನ್ನು ಕಂಡಾಗಲೆಲ್ಲ ನನಗೆ ಚಾಂಪಿಯ ನೆನಪಾಗುತ್ತದೆ. ಅವನು ಭರ್ಜಿ ಎಸೆತದ ಪಟು. ತೋಳಿನಲ್ಲಿ ಬಲವಿತ್ತು, ಆದರೆ ಆ ಋತುವಿನಲ್ಲಿ ಅವನು ಅಂಗಳಕ್ಕಿಳಿದದ್ದೇ ಅಪರೂಪ.

ಯೇಲ್ 22, ಹಾರ್ವರ್ಡ್ ಸೊನ್ನೆ. ಮೊದಲರ್ಧ ಇನ್ನೂ ಮುಗಿದಿರಲಿಲ್ಲ. ತರಬೇತುದಾರ ಜಾನ್ ಯೋವಿಸಿನ್ ಬೆಂಚಿನ ಕಡೆ ತಿರುಗಿ ಚಾಂಪಿಯನ್ನು ಒಳಗೆ ಕಳುಹಿಸಿದರು. ಚಾಂಪಿ ಎಸೆದದ್ದನ್ನು ಬ್ರೂಸ್ ಫ್ರೀಮನ್ ಹಿಡಿದ, ಹಾರ್ವರ್ಡಿಗೆ ಆರು ಅಂಕ ಬಂತು. ಮೇಲಿನ ಒಂದಂಕ ಕೈತಪ್ಪಿತು. ವಿರಾಮದ ನಂತರ ಗಸ್ ಕ್ರಿಮ್ ಒಮ್ಮೆ ನುಗ್ಗಿ 22-13 ಆಯಿತು. ಕೊನೆಯ ಭಾಗದಲ್ಲಿ ಡೌಲಿಂಗ್ ತಾನೇ ಓಡಿ ಗೆರೆ ದಾಟಿದ, 29-13. ಅಲ್ಲಿಗೆ ಮುಗಿಯಿತು ಎಂದೇ ಎಲ್ಲರೂ ತಿಳಿದರು. ಯೇಲ್ ಕಡೆಯವರು ಬಿಳಿ ಕರವಸ್ತ್ರ ತೆಗೆದು ಬೀಸತೊಡಗಿದರು. ಹಾರ್ವರ್ಡಿನವರಿಗೆ ಹೋಗಿಬನ್ನಿ ಎಂಬ ವ್ಯಂಗ್ಯ. ನಲವತ್ತು ಸಾವಿರ ಜನರಲ್ಲಿ ಅರ್ಧದಷ್ಟು ಮಂದಿ ಸಂಜೆಯ ಮಸುಕಿನಲ್ಲಿ ಒಟ್ಟಿಗೆ ಕರವಸ್ತ್ರ ಬೀಸುವುದನ್ನು ಕಲ್ಪಿಸಿಕೊಳ್ಳಿ. ನಮ್ಮ ಹಿರಿಯರು ಎದ್ದದ್ದು ಆ ಬಿಳಿಯನ್ನು ನೋಡಲಾಗದೆ. ರೈಲಿನ ನೆಪ ಆಮೇಲೆ ಸೇರಿಕೊಂಡದ್ದು ಎಂದು ನನ್ನ ಅನುಮಾನ.

ಯೇಲ್ ಮತ್ತೊಮ್ಮೆ ಗೆರೆಯ ಹತ್ತಿರ ಬಂದು, ಹದಿನಾಲ್ಕನೆಯ ಗಜದಲ್ಲಿ ಚೆಂಡನ್ನು ಕೈಜಾರಿ ಬಿಟ್ಟಿತು. ಅಂದು ಯೇಲ್ ಹೀಗೆ ಕೈಬಿಟ್ಟು ಕಳೆದುಕೊಂಡ ಚೆಂಡುಗಳು ಆರು. ಅಲ್ಲಿಂದ ಎದುರಿನ ತುದಿಗೆ ಎಂಬತ್ತಾರು ಗಜ. ಚಾಂಪಿ ಎಸೆದ, ಓಡಿದ, ಕೆಳಗೆ ಬಿದ್ದ, ಎದ್ದ. ಒಮ್ಮೆ ಎದುರಾಳಿಗಳು ಮುತ್ತಿಕೊಂಡಾಗ ಚೆಂಡು ಅವನ ಕೈಯಿಂದಲೂ ಜಾರಿತು. ಅದು ಪುಟಿದು ಸಿಕ್ಕಿದ್ದು ಫ್ರಿಟ್ಜ್ ರೀಡ್ ಎಂಬ ಭಾರಿ ಆಳಿಗೆ. ತಡೆಯುವುದೇ ಕೆಲಸವಾಗಿ, ಚೆಂಡು ಹಿಡಿದು ಓಡುವ ಯೋಗವೇ ಇಲ್ಲದವನು ಅವನು. ಎತ್ತಿಕೊಂಡು ಓಡಿಯೇ ಬಿಟ್ಟ, ಹದಿನೈದನೆಯ ಗಜದವರೆಗೆ. ಮದುವೆಮನೆಯಲ್ಲಿ ಒಲೆ ಮುಂದೆ ಕೂತ ಅಡಿಗೆಭಟ್ಟರು ಇದ್ದಕ್ಕಿದ್ದಂತೆ ಹಾರ್ಮೋನಿಯಂ ಎಳೆದುಕೊಂಡು ಹಾಡಿದಂತೆ. ಮುಂದಿನ ಎಸೆತಕ್ಕೆ ಫ್ರೀಮನ್ ಮತ್ತೆ ಗೆರೆ ದಾಟಿದ. ಗಡಿಯಾರದಲ್ಲಿ ಉಳಿದದ್ದು 42 ಸೆಕೆಂಡು.

ಎರಡಂಕದ ಪ್ರಯತ್ನ ತಪ್ಪಿತು, ಆದರೆ ಯೇಲ್ ಆಟಗಾರ ಅಡ್ಡಿಪಡಿಸಿದನೆಂದು ಇನ್ನೊಂದು ಅವಕಾಶ ಸಿಕ್ಕಿ ಕ್ರಿಮ್ ನುಗ್ಗಿದ. 29-21. ಈಗ ಹಾರ್ವರ್ಡ್ ಚೆಂಡನ್ನು ಎದುರಾಳಿಗೆ ಒದ್ದುಕೊಡಬೇಕು. ಉದ್ದಕ್ಕೆ ಒದೆಯುವುದು ವಾಡಿಕೆ. ಅವರು ಹತ್ತೇ ಗಜ ದಾಟುವಂತೆ ನೆಲಕ್ಕೆ ತಾಗಿಸಿ ಒದ್ದರು. ಅಷ್ಟು ದೂರ ಹೋದ ಮೇಲೆ ಯಾರು ಹಿಡಿದರೆ ಅವರದು. ಯೇಲ್ ಆಟಗಾರನಿಗೆ ತಾಗಿ ಜಾರಿದ್ದರ ಮೇಲೆ ಬಿಲ್ ಕೆಲ್ಲಿ ಎಂಬ ಹಾರ್ವರ್ಡ್ ಹುಡುಗ ಅಡ್ಡಬಿದ್ದ. ಚಾಂಪಿ ಹದಿನಾಲ್ಕು ಗಜ ಓಡಿದ. ಅವನನ್ನು ಕೆಡವಿದವನು ಹೆಲ್ಮೆಟ್ಟಿನ ಮುಂದಿನ ಸರಳು ಹಿಡಿದೆಳೆದನೆಂದು ಹದಿನೈದು ಗಜ ದಂಡ. ಕ್ರಿಮ್ ಇನ್ನೂ ಹದಿನಾಲ್ಕು. ಆಮೇಲೆ ಚಾಂಪಿ ಸಿಕ್ಕಿಬಿದ್ದು ಎರಡು ಗಜ ಹಿಂದಕ್ಕೆ. ಮೂರು ಸೆಕೆಂಡು. ಎಂಟು ಗಜ.

ಕೊನೆಯ ಆ ಎಸೆತದ ದೃಶ್ಯಾವಳಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಚಾಂಪಿ ಹಿಂದಕ್ಕೆ ಸರಿಯುತ್ತಾನೆ. ಎಸೆಯಲು ಹೊರಟು ತಡೆಯುತ್ತಾನೆ. ಪಕ್ಕಕ್ಕೆ ಸರಿಯುತ್ತಾನೆ, ಮತ್ತೆ ನೋಡುತ್ತಾನೆ. ಇಬ್ಬರು ಅವನ ಮೇಲೆ ಬೀಳುತ್ತಿದ್ದಾರೆ. ಆಟವನ್ನು ಚೆನ್ನಾಗಿ ಬಲ್ಲವರು ಇದನ್ನು ಗಲಿಬಿಲಿ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ತುಂಬಿದ ಸಂತೆಯಲ್ಲಿ ಕೈಬಿಟ್ಟ ಮಗುವನ್ನು ಹುಡುಕುವವರು ಹೀಗೆ ನಿಂತು ತಿರುಗುತ್ತಾರೆ. ಮೈ ಚಡಪಡಿಸುತ್ತಿರುತ್ತದೆ, ಕಣ್ಣು ಮಾತ್ರ ನಿಧಾನ. ಎಡಮೂಲೆಯಲ್ಲಿ ತಂಡದ ನಾಯಕ ವಿಕ್ ಗಾಟೊ ಒಬ್ಬನೇ ನಿಂತಿದ್ದ. ಚೆಂಡು ಅವನೆದೆಗೆ ಬಂದು ಕೂತಾಗ ಗಡಿಯಾರದಲ್ಲಿ ಸೊನ್ನೆ. ಜನ ಅಂಗಳಕ್ಕೆ ನುಗ್ಗಿದರು. ಅವರನ್ನು ಹೊರಗೆ ಅಟ್ಟಿದ ಮೇಲೆ, ಸಮಯವೇ ಇಲ್ಲದ ಸಮಯದಲ್ಲಿ, ಚಾಂಪಿ ಇನ್ನೊಮ್ಮೆ ಎಸೆದ, ಪೀಟ್ ವಾರ್ನಿ ಹಿಡಿದ. 29-29.

ಆಗ ಹೆಚ್ಚುವರಿ ಅವಧಿಯ ನಿಯಮವಿರಲಿಲ್ಲ, ಅದು ಬಂದದ್ದು 1996ರಲ್ಲಿ. ಡ್ರಾ ಎಂದರೆ ಡ್ರಾ. ಲೀಗ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಹಾರ್ವರ್ಡ್ ವಿದ್ಯಾರ್ಥಿಗಳ ಪತ್ರಿಕೆ ಕ್ರಿಮ್ಸನ್ ಕೊಟ್ಟ ತಲೆಬರಹವನ್ನು ಈ ಊರಿನಲ್ಲಿ ಇಂದಿಗೂ ಗಾದೆಯಂತೆ ಹೇಳುತ್ತಾರೆ: ‘ಹಾರ್ವರ್ಡ್ ಯೇಲನ್ನು 29-29ರಿಂದ ಸೋಲಿಸಿತು’. ಡೌಲಿಂಗ್‌ನ ಪಾಡು ನೆನೆದರೆ ಪಾಪ ಎನಿಸುತ್ತದೆ. ಸೋಲಲಿಲ್ಲ, ದಾಖಲೆಯಲ್ಲಿ ಇಂದಿಗೂ ಸೋತಿಲ್ಲ, ಆದರೂ ಅರ್ಧ ಶತಮಾನದಿಂದ ಜನ ಅವನನ್ನು ಕೇಳುತ್ತಿರುವುದು ಅದೊಂದನ್ನೇ.

ಇಲ್ಲಿಯವರೆಗಿನದು ಎಲ್ಲರೂ ಹೇಳುವ ಕಥೆ. ಚಾಂಪಿಯನ್ನು ನೆನೆಯುವವರು ಇಲ್ಲಿಗೇ ನಿಲ್ಲಿಸುತ್ತಾರೆ, ತೋಳು ಎತ್ತಿದ ಪ್ರತಿಮೆಯಂತೆ. ನನಗೆ ಅವನು ಇಷ್ಟವಾಗಲು ಶುರುವಾಗುವುದು ಮರುವರ್ಷ.

1969ರ ಏಪ್ರಿಲಿನಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳು ಆಡಳಿತ ಕಟ್ಟಡವನ್ನು ವಶಪಡಿಸಿಕೊಂಡರು, ನಸುಕಿನಲ್ಲಿ ಪೊಲೀಸರು ಬಂದು ಲಾಠಿ ಬೀಸಿ ಹೊರಹಾಕಿದರು. ಬೇಸಿಗೆ ಕಳೆಯಿತು. ಲಾಲಿಚ್ ಪದವಿ ಮುಗಿಸಿ ಹೋದ. ಇನ್ನು ಬೆಂಚು ಕಾಯುವ ಕೆಲಸವಿಲ್ಲ, ಮೊದಲ ಸ್ಥಾನ ಚಾಂಪಿಯದೇ, ಊರಿಗೆ ಊರೇ ಅವನತ್ತ ನೋಡುತ್ತಿದೆ. ಋತು ಶುರುವಾದ ಕೆಲವೇ ದಿನಗಳಲ್ಲಿ ಅವನು ತಂಡ ಬಿಟ್ಟ. ಮೊಣಕಾಲು ಮುರಿದಿರಲಿಲ್ಲ, ಯಾರೂ ಹೊರಹಾಕಿರಲಿಲ್ಲ. ಆಟದಲ್ಲಿ ಮನಸ್ಸು ಉಳಿದಿರಲಿಲ್ಲ, ಬಿಟ್ಟ.

ಇದನ್ನು ಮೊದಲು ಕೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಹನ್ನೆರಡನೆಯವನ ಸಿಟ್ಟು. ನಮ್ಮಂಥವರು ಎರಡು ವರ್ಷ ನೀರು ಹೊತ್ತದ್ದು ಯಾವುದಕ್ಕೆ? ಒಂದು ದಿನ ಯಾರಾದರೂ ತಿರುಗಿ ನೋಡಿ, ಹೋಗು ಎನ್ನಲಿ ಎಂದಲ್ಲವೇ? ಹಾಗೆ ಅನ್ನಿಸಿಕೊಂಡು, ಹೋಗಿ, ಗೆದ್ದಷ್ಟೇ ಸಂಭ್ರಮ ತಂದು, ಆಮೇಲೆ ಜಾಗ ಕಾಯಂ ಆದಾಗ ಬೇಡ ಎನ್ನುವುದೆಂದರೆ! ನಮ್ಮ ಮನೆಗಳಲ್ಲಿ ನಡುವೆ ಬಿಟ್ಟವನಿಗೆ ಒಳ್ಳೆಯ ಹೆಸರಿಲ್ಲ. ಉಣ್ಣಲು ಕೂತವನು ಎಲೆ ಬಿಟ್ಟು ಏಳಬಾರದು ಎಂದು ಕಲಿತವರು ನಾವು. ಮೂರನೆಯ ವರ್ಷ ನಾನು ಕ್ರಿಕೆಟ್ ಅಭ್ಯಾಸಕ್ಕೆ ಹೋಗುವುದನ್ನು ನಿಲ್ಲಿಸಿದಾಗ ಮನೆಯಲ್ಲಿ ಹೇಳಲೇ ಇಲ್ಲ. ನಾಲ್ಕು ತಿಂಗಳು ಸಂಜೆ ಕಿಟ್ ಚೀಲ ಹೊತ್ತು ಹೊರಟು, ಕಾಲೇಜಿನ ಹಿಂದಿನ ಕ್ಯಾಂಟೀನಿನಲ್ಲಿ ಕೂತು ಬರುತ್ತಿದ್ದೆ. ತಂಡದಲ್ಲಿ ಯಾರೂ ಕೇಳಲಿಲ್ಲ ಎಂಬುದು ಬೇರೆ ಮಾತು.

ಸಿಟ್ಟು ಇಳಿದದ್ದು ಆ ದೃಶ್ಯಾವಳಿಯನ್ನು ಮತ್ತೆ ಮತ್ತೆ ನೋಡಿದ ಮೇಲೆ. ಎಲ್ಲರೂ ಕುಣಿಯುತ್ತಿದ್ದಾರೆ, ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ. ಆ ಕೊನೆಯ ನಿಮಿಷಗಳಲ್ಲಿ ಚಾಂಪಿ ಎಸೆದದ್ದರಷ್ಟೇ ಪಾಲು ಬೇರೆಯವರ ಕೈಜಾರಿದ್ದಕ್ಕೂ ಇತ್ತು: ಯೇಲ್ ಬಿಟ್ಟ ಚೆಂಡು, ರೀಡ್‌ಗೆ ಪುಟಿದ ಚೆಂಡು, ದಂಡದ ಗಜಗಳು, ಕೆಲ್ಲಿ ಅಡ್ಡಬಿದ್ದ ಒದೆತ. ಇದು ಬೇರೆ ಯಾರಿಗಿಂತಲೂ ಅವನಿಗೆ ಚೆನ್ನಾಗಿ ಗೊತ್ತಿದ್ದಿರಬೇಕು. ಮುಂದೆ ಪ್ರತಿ ಶನಿವಾರವೂ ಜನ ಬಂದು ಕೂರುವುದು ಆ ಸಂಜೆ ಮತ್ತೊಮ್ಮೆ ನಡೆಯಲಿ ಎಂದು. ಆ ಭಾರ ಹೊತ್ತು ಇನ್ನೊಂದು ಋತು ಆಡಿದ್ದರೆ ಅವನು ಒಳ್ಳೆಯ, ಸಾಧಾರಣ ಕ್ವಾರ್ಟರ್‌ಬ್ಯಾಕ್ ಆಗಿರುತ್ತಿದ್ದ, ನಾಲ್ಕು ಗೆದ್ದು ನಾಲ್ಕು ಸೋಲುತ್ತಿದ್ದ. ಅವನು ಹೀಗೆಲ್ಲ ಲೆಕ್ಕ ಹಾಕಿ ಬಿಟ್ಟ ಎಂದು ನಾನು ಹೇಳುತ್ತಿಲ್ಲ. ಬೇಡವೆನಿಸಿತು, ಬೇಡವೆಂದ. ಕಿಟ್ ಚೀಲ ಹೊತ್ತು ಕ್ಯಾಂಟೀನಿಗೆ ಹೋಗಲಿಲ್ಲ.

ಹಿರಿಯರು ನಿಜ ಹೇಳಿದ್ದು ಕೆಲವು ವರ್ಷಗಳ ಹಿಂದೆ, ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ. ನಡೆದು ಅಭ್ಯಾಸ ಮಾಡಿ ಎಂದು ವೈದ್ಯರು ಹೇಳಿದ್ದರಿಂದ ಭಾನುವಾರ ನಾವಿಬ್ಬರೂ ನದಿಯ ದಡದಲ್ಲಿ ಅಡ್ಡಾಡುತ್ತಿದ್ದೆವು. ಕ್ರೀಡಾಂಗಣದಿಂದ ಹಾರ್ವರ್ಡ್ ಚೌಕಕ್ಕೆ ಹೋಗಲು ಇಟ್ಟಿಗೆಯ ಒಂದು ಸೇತುವೆಯಿದೆ, ಆಂಡರ್ಸನ್ ಸೇತುವೆ. ನಡುವೆ ನಿಂತು, ಕಟಕಟೆಗೆ ಕೈಯಿಟ್ಟು, “ಇಲ್ಲಿ” ಎಂದರು.

“ಏನು ಇಲ್ಲಿ?”

“ಆ ಕೂಗು ಕೇಳಿಸಿದಾಗ ನಾನಿದ್ದದ್ದು ಇಲ್ಲಿ.”

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕೆಳಗೆ ದೋಣಿ ತಂಡವೊಂದು ಹುಟ್ಟು ಹಾಕುತ್ತ ಹೋಯಿತು. ಅದು ಕಮಾನಿನ ಕೆಳಗೆ ಮರೆಯಾಗುವವರೆಗೂ ಅವರು ಬಾಯಿ ತೆರೆಯಲಿಲ್ಲ. ಆಮೇಲೆ ಹೇಳಿದರು. ಮೊದಲ ಕೂಗು ಬಂದಾಗ ಯೇಲ್ ಗೆಲುವಿನ ಸಂಭ್ರಮ ಎಂದುಕೊಂಡರಂತೆ. ಸ್ವಲ್ಪ ಹೊತ್ತಿಗೆ ಎರಡನೆಯದು ಬಂತು, ಸೇತುವೆಯ ಕಲ್ಲಿನಲ್ಲೇ ನಡುಕ ಬಂದಂತಾಯಿತಂತೆ. ಆಗ ತಿರುಗಿ ನೋಡಿದರು. ದೂರದಲ್ಲಿ ಬೂದುಬಣ್ಣದ ಲಾಳ, ಅದರ ಮೇಲೆ ಆಕಾಶ. ಮರಳಿ ಓಡಬೇಕೆನಿಸಿತು, ಆದರೆ ಓಡಿ ಏನು ನೋಡುವುದು? ಏನಾಯಿತೆಂದು ತಿಳಿದದ್ದು ಮನೆಗೆ ಹೋದ ಮೇಲೆ, ಮನೆಯೊಡತಿಯ ರೇಡಿಯೊದಿಂದ. ಮರುದಿನ ಯಾರೋ ಕೇಳಿದರು, ನೀನು ಅಲ್ಲಿದ್ದೆಯಲ್ಲವೇ? ಹೌದು ಎಂದರು. ಟಿಕೆಟ್ ಇತ್ತಲ್ಲ.

“ಆ ಹುಡುಗ ಮರುವರ್ಷ ಬಿಟ್ಟನಲ್ಲ,” ಎಂದೆ, “ಆಗ ನಿಮಗೆ ಏನನ್ನಿಸಿತು?”

ಅವರು ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. “ಸಮಾಧಾನವಾಯಿತು,” ಎಂದರು. “ಬೇಗ ಎದ್ದು ಹೋದವನು ನಾನೊಬ್ಬನೇ ಅಲ್ಲ ಅನ್ನಿಸಿತು.”

ಮತ್ತೆ ನಾಲ್ಕು ಹೆಜ್ಜೆ ನಡೆದರು. ಚೌಕದ ಕಡೆಯಿಂದ ಗಾಳಿ ಬರುತ್ತಿತ್ತು, ನಾನು ಅವರ ಕೊರಳಪಟ್ಟಿಯನ್ನು ಮೇಲಕ್ಕೆಳೆದೆ. ಸೇತುವೆ ಮುಗಿಯುವಲ್ಲಿ ಅವರು ಏನೋ ನೆನಪಾದವರಂತೆ ನಿಂತರು.

“ಒಂದು ಹೇಳಲೇಬೇಕು,” ಎಂದರು. “ರೈಲು ಖಾಲಿಯಿತ್ತು. ಕಿಟಕಿ ಪಕ್ಕದಲ್ಲೇ ಜಾಗ ಸಿಕ್ಕಿತು.”